ಬಿಲ್ಲೇ ನಮ್ಮ ಸಾಕ್ಷಿ



ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆ ನಮ್ಮಲ್ಲಿದೆ. ಸುಂಕದ ಕಟ್ಟೆಯಲ್ಲಿ ಕುಳಿತವನಿಗೆ ನಿಮ್ಮ ಮಗಳ ಮದುವೆ, ಅಂಗಡಿಯ ಬಾಡಿಗೆ, ಮಳೆಗಾಲದ ಮಂದ ವ್ಯಾಪಾರ ಯಾವುದೂ ಬೇಕಾಗಿಲ್ಲ. ಅವನು ಕೇಳುವುದು ಒಂದೇ ಮಾತು: ಕಾಗದ ಎಲ್ಲಿದೆ? ಮುಲುಂಡ್, ದಹಿಸರ್ ನಾಕಾಗಳಲ್ಲಿ ಲಾರಿಗಳನ್ನು ಸಾಲುಗಟ್ಟಿ ನಿಲ್ಲಿಸುತ್ತಿದ್ದ ಆಕ್ಟ್ರಾಯ್ 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ಹೋಯಿತು. ಕಟ್ಟೆ ಕಣ್ಣಿಗೆ ಕಾಣದಂತಾಯಿತು, ಕಂಪ್ಯೂಟರಿನೊಳಗೆ ಸೇರಿಕೊಂಡಿತು. ಆದರೆ ಪ್ರಶ್ನೆ ಮಾತ್ರ ಬದಲಾಗಲಿಲ್ಲ.

ಇವತ್ತಿನ ಮಾತು ಆ ಕಾಗದದ ಬಗ್ಗೆ. ಸಯನ್ ಸರ್ಕಲ್ ಸುತ್ತಮುತ್ತ ಹೋಟೆಲ್ ಇಟ್ಟವರು, ಗಾಂಧಿ ಮಾರ್ಕೆಟ್‌ನಲ್ಲಿ ಬಟ್ಟೆ ಮಾರುವವರು, ಧಾರಾವಿಯಲ್ಲಿ ಗಾಳಾ ತೆಗೆದುಕೊಂಡು ಹೊಲಿಗೆ ಮಾಡಿಸುವವರು, ಚುನಾಭಟ್ಟಿ ಕುರ್ಲಾ ಕಡೆ ಕಂಪೆನಿಗಳ ಕ್ಯಾಂಟೀನ್ ನಡೆಸುವವರು ನಮ್ಮ ಕೇಳುಗರಲ್ಲಿ ಅನೇಕರಿದ್ದೀರಿ. ನಾನು ಸಿ.ಎ. ಅಲ್ಲ. ನಿಮ್ಮ ಸಿ.ಎ. ಇಂಗ್ಲಿಷಿನಲ್ಲಿ ಹೇಳಿ ಮುಗಿಸುವುದನ್ನು ಕನ್ನಡದಲ್ಲಿ ನಿಧಾನವಾಗಿ ಬಿಡಿಸಿ ಹೇಳುವುದಷ್ಟೇ ನನ್ನ ಕೆಲಸ.

ಇನ್‌ವಾಯ್ಸ್‌ಗೆ ಕನ್ನಡದಲ್ಲಿ ಸರಕುಪಟ್ಟಿ ಎನ್ನುತ್ತಾರೆ, ಬೀಜಕ ಎಂದೂ ಉಂಟು. ಬಳಕೆಯಲ್ಲಿ ನಮಗೆಲ್ಲ ಅದು ಬಿಲ್ಲು. ಬಿಲ್ಲು ಎಂದಾಗ ಬಾಣವೂ ನೆನಪಾಗುತ್ತದೆ. ಬಿಟ್ಟ ಬಾಣವನ್ನು ಹಿಂದಕ್ಕೆ ಕರೆಯಲಾಗುವುದಿಲ್ಲ. ಈಗಿನ ವ್ಯಾಪಾರದ ಬಿಲ್ಲೂ ಹೆಚ್ಚುಕಡಿಮೆ ಹಾಗೆಯೇ ಆಗಿದೆ. ಅದನ್ನು ಬಿಡುವ ಮೊದಲು ಗುರಿ ನೋಡಿಕೊಳ್ಳಬೇಕು.

ಮೊದಲಿಗೆ ಇ-ಇನ್‌ವಾಯ್ಸ್ ಅಂದರೆ ಏನಲ್ಲ ಎಂಬುದನ್ನು ನೋಡೋಣ. ಬಿಲ್ಲಿನ ಪಿಡಿಎಫ್ ಮಾಡಿ ಪಾರ್ಟಿಗೆ ವಾಟ್ಸಾಪ್‌ನಲ್ಲಿ ಕಳಿಸಿದರೆ ಅದು ಇ-ಇನ್‌ವಾಯ್ಸ್ ಅಲ್ಲ. ಸರಕಾರದ ವೆಬ್‌ಸೈಟಿಗೆ ಹೋಗಿ ಅಲ್ಲೇ ಬಿಲ್ಲು ಬರೆಯಬೇಕು ಎಂಬುದೂ ಸರಿಯಲ್ಲ. ಬಿಲ್ಲನ್ನು ನೀವು ಮೊದಲಿನಂತೆ ನಿಮ್ಮದೇ ಸಾಫ್ಟ್‌ವೇರಿನಲ್ಲಿ ಮಾಡುತ್ತೀರಿ. ಅದರ ವಿವರಗಳು ಇನ್‌ವಾಯ್ಸ್ ನೋಂದಣಿ ಪೋರ್ಟಲ್‌ಗೆ ಹೋಗುತ್ತವೆ. ಪೋರ್ಟಲ್ ಅವನ್ನು ತಪಾಸಣೆ ಮಾಡಿ, 64 ಅಕ್ಷರ-ಅಂಕಿಗಳ ಒಂದು ಗುರುತಿನ ಸಂಖ್ಯೆ ಕೊಟ್ಟು, ಡಿಜಿಟಲ್ ಸಹಿ ಹಾಕಿ, ಕ್ಯೂಆರ್ ಕೋಡ್ ಜೊತೆ ಹಿಂದಕ್ಕೆ ಕಳಿಸುತ್ತದೆ. ಆ ಸಂಖ್ಯೆಗೆ ಐಆರ್‌ಎನ್ ಎಂದು ಹೆಸರು. ಹಿಂದೆ ಕರಾರುಪತ್ರಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮೊಹರು ಹಾಕಿಸಿಕೊಂಡು ಬರುತ್ತಿದ್ದೆವಲ್ಲ, ಅದೇ ಕೆಲಸ ಕೆಲವು ಸೆಕೆಂಡುಗಳಲ್ಲಿ ಆಗುತ್ತದೆ ಎಂದುಕೊಳ್ಳಿ.

ಈ ನಿಯಮ ಒಮ್ಮೆಲೇ ಎಲ್ಲರ ಮೇಲೆ ಬೀಳಲಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಯಿತು. 2020ರ ಅಕ್ಟೋಬರ್ 1ರಂದು ವರ್ಷಕ್ಕೆ 500 ಕೋಟಿಗಿಂತ ಹೆಚ್ಚು ವಹಿವಾಟಿನ ಕಂಪೆನಿಗಳಿಗೆ ಬಂತು. 2021ರ ಜನವರಿಯಲ್ಲಿ 100 ಕೋಟಿ, ಅದೇ ಏಪ್ರಿಲ್‌ನಲ್ಲಿ 50 ಕೋಟಿ, 2022ರ ಏಪ್ರಿಲ್‌ನಲ್ಲಿ 20 ಕೋಟಿ, ಅಕ್ಟೋಬರ್‌ನಲ್ಲಿ 10 ಕೋಟಿ. 2023ರ ಆಗಸ್ಟ್ 1ರಿಂದ 5 ಕೋಟಿ ದಾಟಿದವರೆಲ್ಲ ಇದರೊಳಗೆ ಬಂದರು. ಮೂರು ವರ್ಷದೊಳಗೆ 500ರಿಂದ 5ಕ್ಕೆ ಇಳಿದಿದೆ. ಇದು ನಮ್ಮ ದೇಶದ ಮಾತಷ್ಟೇ ಅಲ್ಲ. ಇಟಲಿಯಲ್ಲಿ 2019ರ ಜನವರಿಯಿಂದಲೇ ಇಂಥ ಪದ್ಧತಿ ಕಡ್ಡಾಯವಾಗಿದೆ. ಆದ್ದರಿಂದ ನಮ್ಮದು ಸಣ್ಣ ವ್ಯಾಪಾರ, ನಮಗೇಕೆ ಎಂದು ರೇಡಿಯೋ ಧ್ವನಿ ತಗ್ಗಿಸಬೇಡಿ.

ಇಲ್ಲಿ ಎರಡು ವಿಷಯಗಳನ್ನು ನಮ್ಮವರು ಗಮನಿಸುವುದು ಕಡಿಮೆ. ಒಂದು, ವಹಿವಾಟಿನ ಲೆಕ್ಕ ಅಂಗಡಿಗೊಂದರಂತೆ ಅಲ್ಲ, ಪ್ಯಾನ್ ನಂಬರಿಗೆ ಒಂದೇ. ಉದಾಹರಣೆಗೆ ಒಂದೇ ಪಾಲುದಾರಿಕೆಯ ಹೆಸರಿನಲ್ಲಿ ಸಯನ್‌ನ ಹೋಟೆಲಿಗೆ 2 ಕೋಟಿ 10 ಲಕ್ಷ, ಚೆಂಬೂರಿನ ಸ್ವೀಟ್ ಅಂಗಡಿಗೆ 1 ಕೋಟಿ 70 ಲಕ್ಷ, ಉಡುಪಿಯ ಲಾಡ್ಜಿಗೆ 1 ಕೋಟಿ 40 ಲಕ್ಷ ಎಂದಿಟ್ಟುಕೊಳ್ಳಿ. ಒಂದೊಂದೇ ನೋಡಿದರೆ ಯಾವುದೂ 5 ಕೋಟಿಯ ಹತ್ತಿರ ಇಲ್ಲ. ಕೂಡಿದರೆ 5 ಕೋಟಿ 20 ಲಕ್ಷ. ನಿಯಮ ಮೂರಕ್ಕೂ ಅನ್ವಯಿಸುತ್ತದೆ. ತೆರಿಗೆ ಇಲ್ಲದ ಮಾಲಿನ ಮಾರಾಟವೂ ಈ ಲೆಕ್ಕಕ್ಕೆ ಸೇರುತ್ತದೆ.

ಎರಡು, 2017-18ರಿಂದ ಈಚೆಗೆ ಯಾವುದಾದರೂ ಒಂದು ಹಣಕಾಸು ವರ್ಷದಲ್ಲಿ 5 ಕೋಟಿ ದಾಟಿದ್ದರೆ ಸಾಕು. ಕೋವಿಡ್‌ಗೆ ಮೊದಲು ವ್ಯಾಪಾರ ಚೆನ್ನಾಗಿತ್ತು, ಈಗ ಅರ್ಧಕ್ಕೆ ಇಳಿದಿದೆ ಎಂದರೂ ನಿಯಮ ಬಿಡುವುದಿಲ್ಲ. ನಿಮಗೆ ಅನ್ವಯಿಸುತ್ತದೆಯೋ ಇಲ್ಲವೋ ಎಂದು ಊಹಿಸುತ್ತ ಕೂರಬೇಕಾಗಿಲ್ಲ. ಇ-ಇನ್‌ವಾಯ್ಸ್ ಪೋರ್ಟಲಿನಲ್ಲಿ ನಿಮ್ಮ ಜಿಎಸ್‌ಟಿ ನಂಬರು ಹಾಕಿ ನೋಡಬಹುದು. ಆದರೆ ಪೋರ್ಟಲ್ ಹೇಳಿದ್ದೇ ಕೊನೆಯ ಮಾತಲ್ಲ, ನಿಮ್ಮ ಹಳೆಯ ವರ್ಷಗಳ ವಹಿವಾಟನ್ನು ನೀವೇ ಒಮ್ಮೆ ಕೂಡಿ ನೋಡುವುದು ಒಳ್ಳೆಯದು.

ಹಾಗೆಂದು ದೋಸೆ ತಿಂದು ಹೋಗುವ ಪ್ರತಿ ಗಿರಾಕಿಗೂ ಐಆರ್‌ಎನ್ ಬೇಕೆಂದಿಲ್ಲ. ಜಿಎಸ್‌ಟಿ ನಂಬರು ಇರುವವರಿಗೆ ಮಾರಿದಾಗ ಮತ್ತು ವಿದೇಶಕ್ಕೆ ಕಳಿಸಿದಾಗ ಮಾತ್ರ ಅದು ಬೇಕು. ಕೌಂಟರಿನ ಸಾಮಾನ್ಯ ಗಿರಾಕಿಗೆ ಎಂದಿನ ಬಿಲ್ಲು ಸಾಕು. ಆದರೆ ಹೋಟೆಲಿನವರು ಕಂಪೆನಿಯ ಕ್ಯಾಂಟೀನ್ ಗುತ್ತಿಗೆ ಹಿಡಿದಿದ್ದರೆ, ಆಫೀಸಿನ ಸಭೆಗೆ ಊಟ ಕಳಿಸಿ ಕಂಪೆನಿಯ ಜಿಎಸ್‌ಟಿ ನಂಬರಿನ ಮೇಲೆ ಬಿಲ್ಲು ಕೊಟ್ಟರೆ, ಅದು ವ್ಯಾಪಾರಿಯಿಂದ ವ್ಯಾಪಾರಿಗೆ ಹೋದ ಬಿಲ್ಲು. ವಹಿವಾಟು 5 ಕೋಟಿ ದಾಟಿದ್ದರೆ ಅದಕ್ಕೆ ಐಆರ್‌ಎನ್ ಬೇಕೇ ಬೇಕು.

ಇಷ್ಟೆಲ್ಲ ಏಕೆ? ಒಂದು ಬಿಲ್ಲಿಗೆ ಮೊಹರು ಇಲ್ಲದಿದ್ದರೆ ಏನು ಮುಳುಗಿಹೋಗುತ್ತದೆ ಎಂದು ನೀವು ಕೇಳಬಹುದು. ಮುಳುಗುವುದು ಮೊದಲು ನೀವಲ್ಲ, ನಿಮ್ಮ ಪಾರ್ಟಿ. ನೀವು 1 ಲಕ್ಷ ರೂಪಾಯಿಯ ಮಾಲಿಗೆ ಶೇ. 18ರಂತೆ 18,000 ತೆರಿಗೆ ಸೇರಿಸಿ ಬಿಲ್ಲು ಕೊಟ್ಟಿರಿ. ಪಾರ್ಟಿ ಆ 18,000ವನ್ನು ತನ್ನ ತೆರಿಗೆಯಲ್ಲಿ ವಜಾ ಮಾಡಿಕೊಳ್ಳಬೇಕು. ಇದಕ್ಕೆ ಇನ್‌ಪುಟ್ ಕ್ರೆಡಿಟ್ ಎನ್ನುತ್ತಾರೆ. ಐಆರ್‌ಎನ್ ಕಡ್ಡಾಯವಾದವರು ಅದಿಲ್ಲದೆ ಕೊಟ್ಟ ಬಿಲ್ಲನ್ನು ಕಾನೂನು ಬಿಲ್ಲೆಂದೇ ಒಪ್ಪುವುದಿಲ್ಲ. 2022ರ ಜನವರಿ 1ರಿಂದ ಇನ್ನೊಂದು ಬಿಗಿಯೂ ಇದೆ. ಮಾರಿದವನು ತನ್ನ ರಿಟರ್ನ್‌ನಲ್ಲಿ ತೋರಿಸಿದ ಬಿಲ್ಲಿಗೆ ಮಾತ್ರ ಕೊಂಡವನಿಗೆ ಕ್ರೆಡಿಟ್. ಪ್ರತಿ ತಿಂಗಳ 14ಕ್ಕೆ ಪೋರ್ಟಲಿನಲ್ಲಿ ಜಿಎಸ್‌ಟಿಆರ್-2ಬಿ ಎಂಬ ಪಟ್ಟಿ ತಯಾರಾಗುತ್ತದೆ. ನಿಮ್ಮ ಬಿಲ್ಲು ಅದರಲ್ಲಿ ಇಲ್ಲವೆಂದರೆ ಪಾರ್ಟಿಯ ಕೈಯಿಂದ 18,000 ಹೋಯಿತು. 2024ರ ಅಕ್ಟೋಬರ್‌ನಿಂದ ಕೊಂಡವರು ಬಂದ ಬಿಲ್ಲನ್ನು ಪೋರ್ಟಲಿನಲ್ಲೇ ಒಪ್ಪಬಹುದು, ತಿರಸ್ಕರಿಸಬಹುದು ಅಥವಾ ಬಾಕಿ ಇಡಬಹುದು.

ಒಮ್ಮೆ ಹೀಗಾದರೆ ಪಾರ್ಟಿ ಫೋನ್ ಮಾಡಿ ಹೇಳಬಹುದು. ಎರಡನೇ ಸಲ ನಿಮ್ಮ ಹಣ ತಡೆಹಿಡಿಯಬಹುದು. ಮೂರನೇ ಸಲ ಆರ್ಡರ್ ಪಕ್ಕದ ಗಾಳಾಕ್ಕೆ ಹೋಗುತ್ತದೆ. ಬಿಲ್ಲಿಲ್ಲದೆ ಮಾಲು ಕೊಟ್ಟದ್ದಕ್ಕೆ 10,000 ರೂಪಾಯಿ ಅಥವಾ ತೆರಿಗೆಯ ಮೊತ್ತ, ಯಾವುದು ಹೆಚ್ಚೋ ಅಷ್ಟು ದಂಡ ಕಾನೂನಿನಲ್ಲಿದೆ. ಆದರೆ ದಂಡವನ್ನು ಒಮ್ಮೆ ಕಟ್ಟಿದರೆ ಮುಗಿಯುತ್ತದೆ. ಇಪ್ಪತ್ತು ವರ್ಷದ ಪಾರ್ಟಿ ಹೋದರೆ ಮತ್ತೆ ಬರುವುದು ಕಷ್ಟ.

5 ಕೋಟಿಗಿಂತ ಕಡಿಮೆ ಇದ್ದವರು ನಿರಾಳ ಎಂದುಕೊಳ್ಳಬೇಡಿ. ನಿಮಗೆ ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವ ಸೌಲಭ್ಯ 2021ರ ಜನವರಿಯಿಂದ ಇದೆ. ಆದರೆ ನೀವು ಮೂರು ತಿಂಗಳು ಸುಮ್ಮನಿದ್ದರೆ ನಿಮ್ಮಿಂದ ಕೊಂಡವನೂ ಕ್ರೆಡಿಟ್‌ಗಾಗಿ ಮೂರು ತಿಂಗಳು ಕಾಯಬೇಕು. ಇದಕ್ಕೆಂದೇ ಐಎಫ್‌ಎಫ್ ಎಂಬ ದಾರಿ ಇದೆ. ತ್ರೈಮಾಸಿಕದ ಮೊದಲ ಎರಡು ತಿಂಗಳ ಬಿಲ್ಲುಗಳನ್ನು ಮುಂದಿನ ತಿಂಗಳ 13ನೇ ತಾರೀಖಿನೊಳಗೆ, ತಿಂಗಳಿಗೆ 50 ಲಕ್ಷದವರೆಗೆ, ಅದರಲ್ಲಿ ಹಾಕಬಹುದು. ಕಡ್ಡಾಯವೇನಲ್ಲ. ಆದರೆ ದೊಡ್ಡ ಕಂಪೆನಿಗೆ ಮಾಲು ಕೊಡುವ ಸಣ್ಣ ಗಾಳಾದವರು ಇದನ್ನು ಬಿಡಬಾರದು.

ಇನ್ನೂ ಸಣ್ಣವರ ವಿಷಯಕ್ಕೆ ಬರೋಣ. ಇದನ್ನು ನಮ್ಮ ಊರಿನ ಕಡೆಯ ಘಟನೆಯಿಂದಲೇ ಹೇಳಬಹುದು. 2025ರ ಜುಲೈಯಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಬೇಕರಿ, ಕಾಂಡಿಮೆಂಟ್ಸ್, ಹಾಲಿನ ಬೂತ್, ತರಕಾರಿ ಅಂಗಡಿ ಯಾವುದೂ ಬಿಡಲಿಲ್ಲ. ಆಧಾರ ಯುಪಿಐ ಮೂಲಕ ಅವರಿಗೆ ಬಂದ ಹಣ. ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ ನಾಲ್ಕು ವರ್ಷದ 1 ಕೋಟಿ 63 ಲಕ್ಷದ ಯುಪಿಐ ವಹಿವಾಟಿನ ಮೇಲೆ 29 ಲಕ್ಷ ಕೇಳಿದ ಸುದ್ದಿ ಪತ್ರಿಕೆಗಳಲ್ಲಿ ಬಂತು. ತಾಜಾ ತರಕಾರಿಗೆ ತೆರಿಗೆಯೇ ಇಲ್ಲ! ಬೆಂಗಳೂರಿನ ಅನೇಕ ಅಂಗಡಿಗಳು ಕ್ಯೂಆರ್ ಸ್ಟಿಕ್ಕರ್ ಕಿತ್ತು, ನಗದು ಮಾತ್ರ ಎಂಬ ಚೀಟಿ ಅಂಟಿಸಿದವು. ಕೊನೆಗೆ ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ವ್ಯಾಪಾರಿಗಳ ಜೊತೆ ಸಭೆ ನಡೆಸಿ, ಹಳೆಯ ಬಾಕಿ ಕೇಳುವುದಿಲ್ಲ, ಆದರೆ ನೋಂದಣಿ ಮಾಡಿಸಿಕೊಳ್ಳಬೇಕು ಎಂದು ಹೇಳಿದರು.

ಆ ಪ್ರಕರಣದಲ್ಲಿ ಸರಿ ಯಾರದು ತಪ್ಪು ಯಾರದು ಎಂಬುದು ಬೇರೆ ಚರ್ಚೆ. ನಾವು ಕಲಿಯಬೇಕಾದ ಪಾಠ ಒಂದು. ಹಣ ಬಂದದ್ದು ಈಗ ಎಲ್ಲರಿಗೂ ಕಾಣುತ್ತದೆ. ಅದು ಯಾವುದರ ಹಣ ಎಂಬುದು ಯುಪಿಐಯಲ್ಲಿ ಕಾಣುವುದಿಲ್ಲ. ತೆರಿಗೆಯಿಲ್ಲದ ಹಾಲಿನದೋ, ತೆರಿಗೆಯಿರುವ ಬಿಸ್ಕತ್ತಿನದೋ, ತಮ್ಮ ಕಳಿಸಿದ ಕೈಸಾಲವೋ, ಅದನ್ನು ಹೇಳುವುದು ನಿಮ್ಮ ಬಿಲ್ಲು ಮತ್ತು ನಿಮ್ಮ ಖರೀದಿಯ ಚೀಟಿ. ಅವಿಲ್ಲದಿದ್ದರೆ ನಿಮ್ಮ ಪರವಾಗಿ ಮಾತಾಡುವ ಸಾಕ್ಷಿಯೇ ಇಲ್ಲ. ಮಾಲು ಮಾತ್ರ ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ದಾಟಿದರೆ ನೋಂದಣಿ ಬೇಕು. ಮಹಾರಾಷ್ಟ್ರಕ್ಕೂ ಕರ್ನಾಟಕಕ್ಕೂ ಇದೇ ಮಿತಿ. ಹೋಟೆಲ್ ಊಟ ಸೇವೆಯ ಲೆಕ್ಕಕ್ಕೆ ಬರುತ್ತದೆ ಎಂಬುದನ್ನು ನೆನಪಿಡಿ.

ಈಗ ಬಿಲ್ಲಿನೊಳಗೆ ಕಣ್ಣು ಹಾಯಿಸೋಣ. ಬಿಲ್ಲಿನ ನಂಬರು ಸರಣಿಯಲ್ಲಿರಬೇಕು, 16 ಅಕ್ಷರ ಮೀರಬಾರದು, ಒಂದು ಹಣಕಾಸು ವರ್ಷದಲ್ಲಿ ಒಂದೇ ನಂಬರು ಎರಡು ಸಲ ಬರಬಾರದು. ಐಆರ್‌ಎನ್ ಪಡೆಯುವವರ ಬಿಲ್ಲಿನ ನಂಬರು ಸೊನ್ನೆಯಿಂದ ಆರಂಭವಾದರೆ ಪೋರ್ಟಲ್ ಸ್ವೀಕರಿಸುವುದಿಲ್ಲ. ಪಾರ್ಟಿಯ ಜಿಎಸ್‌ಟಿ ನಂಬರಿನ 15 ಅಕ್ಷರಗಳಲ್ಲಿ ಮೊದಲ ಎರಡು ಅಂಕಿ ರಾಜ್ಯದ್ದು, ನಂತರದ ಹತ್ತು ಅವರ ಪ್ಯಾನ್. ಮಹಾರಾಷ್ಟ್ರಕ್ಕೆ 27, ಕರ್ನಾಟಕಕ್ಕೆ 29, ಕೇರಳಕ್ಕೆ 32. ಸಯನ್‌ನಿಂದ ಥಾಣೆಯ ಅಂಗಡಿಗೆ ಮಾಲು ಹೋದರೆ ತೆರಿಗೆ ಕೇಂದ್ರ-ರಾಜ್ಯ ಎಂದು ಎರಡು ಪಾಲು. ಮಂಗಳೂರಿಗೋ ಕಾಸರಗೋಡಿಗೋ ಹೋದರೆ ಒಂದೇ ಐಜಿಎಸ್‌ಟಿ. ಊರಿಗೂ ಇಲ್ಲಿಗೂ ವ್ಯಾಪಾರ ಇಟ್ಟುಕೊಂಡ ನಮ್ಮವರು ಈ 27-29ನ್ನು ಒಮ್ಮೆ ನೋಡಿಯೇ ಬಿಲ್ಲು ಹಾಕಬೇಕು. ಮಾಲಿನ ಎಚ್‌ಎಸ್‌ಎನ್ ಸಂಕೇತ 5 ಕೋಟಿ ದಾಟಿದವರಿಗೆ 6 ಅಂಕಿ, ಉಳಿದವರು ವ್ಯಾಪಾರಿಗೆ ಕೊಡುವ ಬಿಲ್ಲಿನಲ್ಲಿ 4 ಅಂಕಿ.

ಕಾಂಪೋಸಿಷನ್ ಯೋಜನೆಯಲ್ಲಿ ಇರುವವರು ಗಿರಾಕಿಯಿಂದ ತೆರಿಗೆ ವಸೂಲಿ ಮಾಡುವಂತಿಲ್ಲ. ಅವರು ಕೊಡಬೇಕಾದದ್ದು ಟ್ಯಾಕ್ಸ್ ಇನ್‌ವಾಯ್ಸ್ ಅಲ್ಲ, ಬಿಲ್ ಆಫ್ ಸಪ್ಲೈ. ತಾವು ಕಾಂಪೋಸಿಷನ್‌ನವರು, ತೆರಿಗೆ ವಸೂಲಿಗೆ ಅರ್ಹರಲ್ಲ ಎಂದು ಅದರ ತಲೆಯಲ್ಲೇ ಅಚ್ಚಾಗಿರಬೇಕು.

ದರ ಬದಲಾದಾಗ ಎಲ್ಲರಿಗೂ ಗೊಂದಲ. 2025ರ ಸೆಪ್ಟೆಂಬರ್ 22ರಂದು ಶೇ. 12 ಮತ್ತು ಶೇ. 28ರ ಮೆಟ್ಟಿಲುಗಳನ್ನು ಬಹುಪಾಲು ತೆಗೆದು, ಹೆಚ್ಚಿನ ವಸ್ತುಗಳನ್ನು ಶೇ. 5 ಮತ್ತು ಶೇ. 18ಕ್ಕೆ ತಂದರು. ತುಪ್ಪ, ಬೆಣ್ಣೆ, ಚೂಡಾ-ಸೇವು 12ರಿಂದ 5ಕ್ಕೆ ಇಳಿದವು. ಮಕ್ಕಳ ನೋಟ್‌ಪುಸ್ತಕಕ್ಕೆ ತೆರಿಗೆ ಹೋಯಿತು. ದಿನಕ್ಕೆ 7,500 ರೂಪಾಯಿಯವರೆಗಿನ ಲಾಡ್ಜ್ ಕೋಣೆಗೆ 12ರ ಬದಲು 5 ಆಯಿತು, ಆದರೆ ಇನ್‌ಪುಟ್ ಕ್ರೆಡಿಟ್ ಇಲ್ಲ.

ದರ ಬದಲಾಗುವ ಹೊತ್ತಿನ ವ್ಯವಹಾರಕ್ಕೆ ಕಾನೂನಿನಲ್ಲಿ ಒಂದು ಸುಲಭ ಸೂತ್ರವಿದೆ. ಮಾಲು ಕೊಟ್ಟದ್ದು, ಬಿಲ್ಲು ಬರೆದದ್ದು, ಹಣ ಬಂದದ್ದು, ಈ ಮೂರರಲ್ಲಿ ಎರಡು ಯಾವ ಕಡೆ ಇವೆಯೋ ಆ ದರ. ಸೆಪ್ಟೆಂಬರ್ 20ರಂದು ತುಪ್ಪವೂ ಬಿಲ್ಲೂ ಹೋಗಿ ಹಣ ಅಕ್ಟೋಬರ್‌ನಲ್ಲಿ ಬಂದರೆ ಎರಡು ಹಳೆಯ ಕಡೆ, ಆದ್ದರಿಂದ ಶೇ. 12. ಆ ತುಪ್ಪದಲ್ಲಿ ನಾಲ್ಕು ಡಬ್ಬ ಆಮೇಲೆ ವಾಪಸು ಬಂದರೆ ಕ್ರೆಡಿಟ್ ನೋಟ್ ಕೂಡ ಹಳೆಯ ದರದಲ್ಲೇ. ಈ ಒಂದು ಸೂತ್ರವನ್ನು ಗಲ್ಲಾದ ಬಳಿ ಬರೆದಿಟ್ಟುಕೊಳ್ಳಿ. ಮುಂದೆ ಎಷ್ಟು ಸಲ ದರ ಬದಲಾದರೂ ಉಪಯೋಗಕ್ಕೆ ಬರುತ್ತದೆ.

ಬಿಟ್ಟ ಬಾಣ ಹಿಂದಕ್ಕೆ ಬರುವುದಿಲ್ಲ ಎಂದೆನಲ್ಲ, ಐಆರ್‌ಎನ್ ಪಡೆದ ಬಿಲ್ಲಿಗೆ 24 ಗಂಟೆಯ ರಿಯಾಯಿತಿ ಇದೆ. ಅಷ್ಟರೊಳಗೆ ಪೋರ್ಟಲಿನಲ್ಲಿ ಪೂರ್ತಿ ರದ್ದು ಮಾಡಬಹುದು, ತಿದ್ದಲಾಗುವುದಿಲ್ಲ. ರದ್ದಾದ ನಂಬರನ್ನು ಮತ್ತೆ ಬಳಸುವಂತಿಲ್ಲ. 24 ಗಂಟೆ ಕಳೆದ ಮೇಲೆ ಕ್ರೆಡಿಟ್ ನೋಟ್ ಕೊಟ್ಟು ಸರಿಪಡಿಸಬೇಕು, ಅದಕ್ಕೂ ಐಆರ್‌ಎನ್ ಬೇಕು. 10 ಕೋಟಿ ಮತ್ತು ಅದಕ್ಕಿಂತ ಹೆಚ್ಚು ವಹಿವಾಟು ಇರುವವರಿಗೆ 2025ರ ಏಪ್ರಿಲ್ 1ರಿಂದ ಇನ್ನೊಂದು ಗಡುವಿದೆ. ಬಿಲ್ಲಿನ ತಾರೀಖಿನಿಂದ 30 ದಿನ ದಾಟಿದರೆ ಪೋರ್ಟಲ್ ಆ ಬಿಲ್ಲನ್ನು ತೆಗೆದುಕೊಳ್ಳುವುದೇ ಇಲ್ಲ. ತಿಂಗಳ ಕೊನೆಗೆ ಎಲ್ಲ ಒಟ್ಟಿಗೆ ಮಾಡೋಣ ಎನ್ನುವ ಹಳೆಯ ಅಭ್ಯಾಸ ಇನ್ನು ನಡೆಯದು.

ಮಾಲು ಟೆಂಪೋ ಹತ್ತಿದ ಮೇಲೆ ಇ-ವೇ ಬಿಲ್ಲಿನ ಕೆಲಸ. ಬೇರೆ ರಾಜ್ಯಕ್ಕೆ 50,000 ದಾಟಿದ ಮಾಲು ಹೋದರೆ ಬೇಕು, ಮಹಾರಾಷ್ಟ್ರದೊಳಗೆ 1 ಲಕ್ಷ ದಾಟಿದರೆ. ಪ್ರತಿ 200 ಕಿಲೋಮೀಟರಿಗೆ ಒಂದು ದಿನದ ಅವಧಿ. ಮಂಗಳೂರು ಸುಮಾರು 900 ಕಿಲೋಮೀಟರ್ ಎಂದರೆ ಐದು ದಿನ. ಮಳೆಗಾಲದಲ್ಲಿ ಘಾಟಿಯಲ್ಲಿ ಲಾರಿ ನಿಂತರೆ ಅವಧಿ ವಿಸ್ತರಿಸಲು ಮರೆಯಬೇಡಿ.

ಇನ್ನು ಕೀಲಿಕೈಯ ವಿಷಯ. 2025ರ ಏಪ್ರಿಲ್‌ನಿಂದ ಈ ಪೋರ್ಟಲುಗಳಿಗೆ ಹೋಗಲು ಪಾಸ್‌ವರ್ಡ್ ಜೊತೆ ಓಟಿಪಿ ಎಲ್ಲರಿಗೂ ಕಡ್ಡಾಯ. ಓಟಿಪಿ ಬರುವುದು ನೋಂದಾಯಿಸಿದ ಮೊಬೈಲಿಗೆ. ಅದು ಯಾರ ಮೊಬೈಲು? ಅನೇಕ ಕಡೆ ಅಕೌಂಟೆಂಟರದು. ಅವರು ಜಾತ್ರೆಗೆಂದು ಊರಿಗೆ ಹೋದರೆ, ಕೆಲಸ ಬಿಟ್ಟರೆ, ನಿಮ್ಮ ವ್ಯಾಪಾರದ ಬೀಗದ ಕೈ ಅವರೊಂದಿಗೇ ಹೋಯಿತು. ಅವರ ಮೇಲೆ ನಂಬಿಕೆ ಇರಲಿ. ಆದರೆ ಮಾಲೀಕರ ಮೊಬೈಲ್, ಮಾಲೀಕರ ಇ-ಮೇಲ್ ನೋಂದಣಿಯಲ್ಲಿರಲಿ, ಕೆಲಸದವರಿಗೆ ಪ್ರತ್ಯೇಕ ಬಳಕೆದಾರ ಹೆಸರು ಮಾಡಿಕೊಡಿ. ನೋಟಿಸ್ ಬಂದರೂ ಅದು ಪೋರ್ಟಲಿಗೇ ಬರುತ್ತದೆ. ಅಂಚೆಯವನ ದಾರಿ ಕಾಯಬೇಡಿ, ವಾರಕ್ಕೊಮ್ಮೆ ತೆರೆದು ನೋಡಿ.

ಎಲ್ಲವನ್ನೂ ಒಂದು ದಿನಚರಿ ಮಾಡಿಕೊಂಡರೆ ಹೀಗಾಗುತ್ತದೆ. ಮಾಲು ಹೊರಡುವ ಮೊದಲು ಪಾರ್ಟಿಯ ಜಿಎಸ್‌ಟಿ ನಂಬರು ಚಾಲ್ತಿಯಲ್ಲಿದೆಯೇ ಎಂದು ನೋಡಿ ಬಿಲ್ಲು ಮಾಡಿ. ಐಆರ್‌ಎನ್ ಬೇಕಿದ್ದರೆ ಆಗಲೇ ಪಡೆಯಿರಿ. ರಾತ್ರಿ ಶಟರ್ ಎಳೆಯುವ ಮೊದಲು ದಿನದ ಬಿಲ್ಲುಗಳನ್ನೂ ಬಂದ ಹಣವನ್ನೂ ತಾಳೆ ನೋಡಿ, ತಪ್ಪು ಕಂಡರೆ 24 ಗಂಟೆ ಇನ್ನೂ ಕೈಯಲ್ಲಿರುತ್ತದೆ. ತಿಂಗಳ 11ಕ್ಕೆ ಮಾರಾಟದ ರಿಟರ್ನ್, ಮೂರು ತಿಂಗಳಿನವರಿಗೆ 13. 14ರ ನಂತರ 2ಬಿ ತೆರೆದು ನೀವು ಕೊಂಡ ಮಾಲಿನ ಬಿಲ್ಲುಗಳು ಬಂದಿವೆಯೇ ಎಂದು ನೋಡಿ, ಬಾರದಿದ್ದರೆ ಅಂದೇ ಫೋನ್ ಮಾಡಿ. 20ಕ್ಕೆ ತೆರಿಗೆಯ ರಿಟರ್ನ್, ಮೂರು ತಿಂಗಳಿನವರಿಗೆ ಮಹಾರಾಷ್ಟ್ರ ಕರ್ನಾಟಕ ಎರಡರಲ್ಲೂ 22. ಏಪ್ರಿಲ್ ಮೊದಲ ದಿನ ಹೊಸ ಸರಣಿಯ ನಂಬರು, ಹಿಂದಿನ ವರ್ಷದ ಒಟ್ಟು ವಹಿವಾಟಿನ ಲೆಕ್ಕ. ವಾರ್ಷಿಕ ರಿಟರ್ನ್‌ನ ಗಡುವಿನಿಂದ ಆರು ವರ್ಷ ಕಾಗದಗಳನ್ನು ಜೋಪಾನವಾಗಿಡಿ.

ಮುಂಬಯಿಯಲ್ಲಿ ನಮ್ಮ ಹಿರಿಯರ ಒಂದು ತಲೆಮಾರು ಹಗಲು ಹೋಟೆಲಿನಲ್ಲಿ ದುಡಿದು ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿತು. ಕೂಡಿಸುವುದು ಕಳೆಯುವುದು ಕಲಿತದ್ದು ಅಲ್ಲಿ, ಮರುದಿನ ಗಲ್ಲಾದಲ್ಲಿ ಕೂತು ಬರೆದದ್ದು ಅದೇ ಲೆಕ್ಕ. ಇವತ್ತು ಅವರಲ್ಲಿ ಅನೇಕರಿಗೆ ಪೋರ್ಟಲ್ ಎಂದರೆ ಅಂಜಿಕೆ. ಕಂಪ್ಯೂಟರ್ ಕಲಿತ ಮಕ್ಕಳು ಮನೆಯಲ್ಲೇ ಇದ್ದಾರೆ, ಭಾನುವಾರ ಒಂದು ಗಂಟೆ ಅಪ್ಪನ ಪಕ್ಕದಲ್ಲಿ ಕುಳಿತುಕೊಳ್ಳಲಿ. ಸಯನ್‌ನ ಗೋಕುಲ, ಕುರ್ಲಾದ ಬಂಟರ ಸಂಘ, ಮಾಟುಂಗಾದ ಮೈಸೂರು ಅಸೋಸಿಯೇಷನ್, ಕರ್ನಾಟಕ ಸಂಘ ಹೀಗೆ ನಮ್ಮದೇ ಸಂಸ್ಥೆಗಳಿವೆ. ಅವುಗಳ ಕಾರ್ಯಕ್ರಮಗಳ ನಡುವೆ ಬಿಲ್ಲು-ತೆರಿಗೆಯ ಒಂದು ಕನ್ನಡ ಶಿಬಿರವೂ ಸೇರಲಿ ಎಂದು ಸದಸ್ಯರಾದ ನೀವು ಕೇಳಬಹುದು. ನಮ್ಮಲ್ಲಿ ಸಿ.ಎ.ಗಳಿಗೇನೂ ಕೊರತೆಯಿಲ್ಲ.

ಆಟಕ್ಕುಂಟು ಲೆಕ್ಕಕ್ಕಿಲ್ಲ ಎನ್ನುತ್ತೇವೆ. ವ್ಯಾಪಾರದಲ್ಲಿ ಲೆಕ್ಕಕ್ಕಿಲ್ಲದವನು ಆಟದಲ್ಲೂ ಬಹಳ ಕಾಲ ಉಳಿಯುವುದಿಲ್ಲ. ನಿಯಮಗಳು ಇನ್ನೂ ಬದಲಾಗುತ್ತವೆ, 5 ಕೋಟಿಯ ಮಿತಿ ಇನ್ನೂ ಕೆಳಗಿಳಿದರೂ ಆಶ್ಚರ್ಯವಿಲ್ಲ. ಆದರೆ ಅಂದಿನ ಬಿಲ್ಲನ್ನು ಅಂದೇ ಸರಿಯಾಗಿ ಬರೆಯುವವರಿಗೆ ಬದಲಾವಣೆ ಎಂದರೆ ಒಂದು ಸಣ್ಣ ತಿದ್ದುಪಡಿ ಮಾತ್ರ. ಸುಂಕದವನಿಗೆ ನಿಮ್ಮ ಸುಖದುಃಖ ಹೇಳಬೇಕಾಗಿಲ್ಲ, ಕಾಗದ ತೋರಿಸಿದರೆ ಸಾಕು.

ನಿಮ್ಮ ವ್ಯಾಪಾರ ಬೆಳೆಯಲಿ, ಲೆಕ್ಕ ಚೊಕ್ಕವಾಗಿರಲಿ.